ಕೀಲಿಕೈಯ ಹಸ್ತಾಂತರ: ದೂರದ ಗಣಕದ ಬಾಗಿಲಿಗೊಂದು ಚರಿತ್ರೆ

2019ರ ಜೂನ್ ಕೊನೆಯಲ್ಲಿ ನಮ್ಮ ಶಾಖೆಯ ಹಿರಿಯ ಸಹೋದ್ಯೋಗಿಯೊಬ್ಬರು ನಿವೃತ್ತರಾದರು. ತೀರ್ಥಹಳ್ಳಿ ಸೀಮೆಯವರು, ಕೇಂದ್ರ ಸರ್ಕಾರದ ನೌಕರಿಗೆಂದು ದೆಹಲಿಗೆ ಬಂದು ಮೂರು ದಶಕ ದಾಟಿತ್ತು. ಕೊನೆಯ ವಾರವಿಡೀ ಅವರು ‘ನೋ ಡ್ಯೂಸ್’ ಪತ್ರ ಹಿಡಿದು ಮಹಡಿಯಿಂದ ಮಹಡಿಗೆ ಹತ್ತಿಳಿದರು. ಗ್ರಂಥಾಲಯದವರು ಪುಸ್ತಕ ಬಾಕಿಯಿಲ್ಲವೆಂದು ಬರೆದರು. ಸ್ಟೋರಿನವರು ಒಂದು ಟೇಬಲ್ ಫ್ಯಾನಿನ ಲೆಕ್ಕ ಕೇಳಿ, ಅದು ಮೂಲೆಯಲ್ಲೇ ಇರುವುದನ್ನು ಕಣ್ಣಾರೆ ಕಂಡ ಮೇಲೆ ಸಹಿ ಹಾಕಿದರು. ಗುರುತಿನ ಚೀಟಿ, ಬೀರುವಿನ ಕೀಲಿಕೈ, ಮೇಜಿನ ಖಾನೆಯ ಎರಡು ಪುಟ್ಟ ಕೀಲಿಕೈಗಳು ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆಸಿ ಒಪ್ಪಿಸಿದರು. ಸಂಜೆ ಶಾಲು, ಗೋಡೆ ಗಡಿಯಾರ, ಸಮೋಸ. ಮರುವಾರ ಸಾಮಾನನ್ನು ಲಾರಿಗೆ ಹೇರಿಸಿ ಊರಿಗೆ ಹೊರಟುಹೋದರು.

ಮೂರೂವರೆ ವರ್ಷಗಳ ಬಳಿಕ, 2022ರ ಡಿಸೆಂಬರಿನ ಒಂದು ಚಳಿಯ ಮಧ್ಯಾಹ್ನ, ನಮ್ಮ ಕಚೇರಿಯ ಸರ್ವರಿನಲ್ಲಿದ್ದ ಒಂದು ಚಿಕ್ಕ ಕಡತವನ್ನು ನಾವು ತೆರೆದು ನೋಡಿದೆವು. ‘ಆಥರೈಸ್ಡ್ ಕೀಸ್’ ಎಂಬುದು ಅದರ ಹೆಸರು. ಯಾರು ಯಾರು ದೂರದಿಂದ ಈ ಯಂತ್ರದೊಳಕ್ಕೆ ಬರಬಹುದು ಎಂಬ ಪಟ್ಟಿ. ಒಟ್ಟು ಒಂಬತ್ತು ಸಾಲುಗಳು. ಪ್ರತಿ ಸಾಲೂ ಅರ್ಥವಾಗದ ಅಕ್ಷರಗಳ ಉದ್ದನೆಯ ಸರ. ಸಾಲಿನ ತುದಿಯಲ್ಲಿ ಮಾತ್ರ ಗುರುತಿಗೆಂದು ಒಂದು ಹೆಸರು. ಮೂರನೆಯ ಸಾಲಿನ ತುದಿಯಲ್ಲಿ ಇದ್ದದ್ದು ನಮ್ಮ ತೀರ್ಥಹಳ್ಳಿಯ ಹಿರಿಯರ ಹೆಸರು. ಟೇಬಲ್ ಫ್ಯಾನಿನ ಲೆಕ್ಕವನ್ನೂ ಬಿಡದೆ ಕೇಳಿದ್ದ ಕಚೇರಿ ಈ ಕೀಲಿಕೈಯನ್ನು ಮಾತ್ರ ಅವರಿಂದ ಕೇಳಿಯೇ ಇರಲಿಲ್ಲ.

ಆಂಗ್ಲ ಸಾಹಿತ್ಯ ಓದಿಕೊಂಡು ಸರ್ಕಾರಿ ಮೇಜಿಗೆ ಬಂದ ನಮಗೆ ಗಣಕಶಾಸ್ತ್ರದಲ್ಲಿ ಪದವಿಯಿಲ್ಲ. ಕಚೇರಿಯ ಜಾಲತಾಣದ ಮೇಲ್ವಿಚಾರಣೆ ತಲೆಗೆ ಬಿದ್ದದ್ದರಿಂದ ಕಲಿತದ್ದಷ್ಟೇ. ಆದರೂ ಆ ಮೂರನೆಯ ಸಾಲು ನಮ್ಮನ್ನು ಕೀಲಿಕೈಗಳ ಚರಿತ್ರೆಯತ್ತ ಎಳೆಯಿತು. ದೂರದ ಯಂತ್ರವೊಂದು ನಮ್ಮನ್ನು ಹೇಗೆ ಗುರುತಿಸುತ್ತದೆ? ಈ ಬೀಗ ಎಲ್ಲಿಂದ ಬಂತು? ಹೊಸ ಬೀಗದ ಜೊತೆಗೆ ಬರಬೇಕಾಗಿದ್ದ ಹಳೆಯ ಎಚ್ಚರ ಎಲ್ಲಿ ಉಳಿದುಹೋಯಿತು?

ಹಳೆಯ ಎಚ್ಚರದಿಂದಲೇ ಆರಂಭಿಸೋಣ. ನಮ್ಮ ದೇಶದ ಸರ್ಕಾರಿ ಖಜಾನೆಗಳಲ್ಲಿ ‘ಡಬಲ್ ಲಾಕ್’ ಎಂಬ ಪದ್ಧತಿಯಿದೆ. ಭದ್ರಕೋಣೆಗೆ ಎರಡು ಬೀಗ. ಒಂದರ ಕೀಲಿ ಖಜಾನೆಯ ಅಧಿಕಾರಿಯ ಬಳಿ, ಇನ್ನೊಂದರದು ಖಜಾಂಚಿಯ ಬಳಿ. ಇಬ್ಬರೂ ಎದುರಿಗಿದ್ದರಷ್ಟೇ ಬಾಗಿಲು ತೆರೆಯುತ್ತದೆ. ಅಧಿಕಾರಿಗೆ ವರ್ಗವಾದರೆ ಕೀಲಿಯ ಹಸ್ತಾಂತರ ಕಾಗದದ ಮೇಲೆ ನಡೆಯಬೇಕು. ಕೊಟ್ಟವನು, ಪಡೆದವನು ಇಬ್ಬರೂ ಸಹಿ ಮಾಡಬೇಕು. ಇದನ್ನು ರೂಪಿಸಿದವರು ಕಬ್ಬಿಣದ ಬೀಗವನ್ನು ಪೂರ್ತಿಯಾಗಿ ನಂಬಿದವರಲ್ಲ. ಮನುಷ್ಯನನ್ನು ಪೂರ್ತಿಯಾಗಿ ನಂಬಿದವರೂ ಅಲ್ಲ. ಬೀಗ, ಮನುಷ್ಯ, ರಿಜಿಸ್ಟರು ಈ ಮೂರೂ ಕೂಡಿದರೆ ಮಾತ್ರ ಭದ್ರತೆ ಎಂದು ತಿಳಿದವರು.

ಆದರೆ ಖಜಾನೆಯ ಬಾಗಿಲಿಗೆ ನಾವೇ ನಡೆದು ಹೋಗಬೇಕು. ಕಾವಲುಗಾರ ಮುಖ ನೋಡುತ್ತಾನೆ. ದೂರದಿಂದ ಆಜ್ಞೆ ಕಳಿಸುವಾಗ ಮುಖವೇ ಕಾಣುವುದಿಲ್ಲ. ಈ ತೊಡಕು ಗಣಕಕ್ಕಿಂತ ಬಹಳ ಹಳೆಯದು. ಹಳೆ ದೆಹಲಿಯ ಕಾಶ್ಮೀರಿ ಗೇಟಿನ ಬಳಿ, ಲೋಥಿಯನ್ ರಸ್ತೆಯಲ್ಲಿ, 1902ರಲ್ಲಿ ನಿಲ್ಲಿಸಿದ ತಂತಿ ಸ್ಮಾರಕವೊಂದಿದೆ. 1857ರ ಮೇ 11ರಂದು ಮೀರತ್ತಿನ ಸಿಪಾಯಿಗಳು ದೆಹಲಿಯನ್ನು ಹೊಕ್ಕಾಗ, ತಂತಿ ಕಚೇರಿಯ ಮುಖ್ಯಸ್ಥ ಚಾರ್ಲ್ಸ್ ಟಾಡ್ ಕಡಿದುಹೋದ ಮೀರತ್ ತಂತಿಯನ್ನು ಪರೀಕ್ಷಿಸಲು ಹೋಗಿ ಹತನಾದ. ಉಳಿದಿದ್ದ ಇಬ್ಬರು ಎಳೆಯ ನೌಕರರು, ಬ್ರೆಂಡಿಶ್ ಮತ್ತು ಪಿಲ್ಕಿಂಗ್ಟನ್, ಅಂಬಾಲಕ್ಕೆ ಸುದ್ದಿ ಮುಟ್ಟಿಸಿದರು. ಆ ಸುದ್ದಿ ಬ್ರಿಟಿಷರ ಪಾಲಿಗೆ ಎಷ್ಟು ನಿರ್ಣಾಯಕವಾಯಿತೆಂಬುದು ಇತಿಹಾಸದ ಪಠ್ಯಗಳಲ್ಲಿದೆ. ನಮಗೆ ಕುತೂಹಲ ಹುಟ್ಟಿಸುವುದು ಬೇರೆಯದು: ತಂತಿಯ ಆ ತುದಿಯಲ್ಲಿ ಇರುವವನು ತಮ್ಮವನೇ ಎಂದು ಈ ತುದಿಯವರು ನಂಬಿದ್ದು ಹೇಗೆ? ಮೋರ್ಸ್ ಕಾಲದ ತಂತಿ ನೌಕರರು ಪರಸ್ಪರರ ಕೈಯ ಲಯವನ್ನೇ ಗುರುತು ಹಿಡಿಯುತ್ತಿದ್ದರಂತೆ. ಅಕ್ಷರ ಬಡಿಯುವ ರೀತಿ ಒಬ್ಬೊಬ್ಬರದೂ ಬೇರೆ. ಅದು ನಮ್ಮ ಕೈಬರಹದಂತೆಯೇ. ಯಂತ್ರಕ್ಕೆ ಅಂಥ ಕಿವಿಯಿಲ್ಲ. ಯಂತ್ರಗಳೇ ಯಂತ್ರಗಳೊಡನೆ ಮಾತಾಡತೊಡಗಿದಾಗ ಗುರುತಿನ ಪ್ರಶ್ನೆ ಮೊದಲಿನಿಂದ ಎದ್ದಿತು.

ಸರ್ಕಾರದ ಯಂತ್ರಗಳು ದೂರದೂರದಿಂದ ಮಾತಾಡುವಂತಾದದ್ದರ ಹಿಂದೆ ಕನ್ನಡ ನಾಡಿನವರೊಬ್ಬರ ದುಡಿಮೆಯಿದೆ ಎಂಬುದನ್ನು ದೆಹಲಿಯ ಕನ್ನಡಿಗರಾದ ನಾವು ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮಾಡಿ ಬಂದ ಡಾ. ಎನ್. ಶೇಷಗಿರಿ, 1976ರಲ್ಲಿ ರೂಪುಗೊಂಡ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್, ಅಂದರೆ ಎನ್‌ಐಸಿಯ ಸ್ಥಾಪಕರು. ಎಂಬತ್ತರ ದಶಕದ ಉತ್ತರಾರ್ಧದಲ್ಲಿ ಅವರ ಮುಂದಾಳ್ತನದಲ್ಲಿ ‘ನಿಕ್‌ನೆಟ್’ ಜಾಲ ಹರಡಿತು. ದೂರವಾಣಿ ತಂತಿಯೇ ಸರಿಯಾಗಿ ಇರದ ಜಿಲ್ಲಾ ಕೇಂದ್ರಗಳ ಛಾವಣಿಯ ಮೇಲೆ ಉಪಗ್ರಹಕ್ಕೆ ಮುಖ ಮಾಡಿದ ತಟ್ಟೆಗಳು ಬಂದವು. ಜಿಲ್ಲಾಧಿಕಾರಿಯ ಕಚೇರಿ, ರಾಜ್ಯದ ರಾಜಧಾನಿ, ದೆಹಲಿ ಮೂರೂ ಒಂದೇ ಜಾಲಕ್ಕೆ ಸೇರಿದವು. ಲೋಧಿ ರಸ್ತೆಯ ಸಿಜಿಒ ಕಾಂಪ್ಲೆಕ್ಸಿನಲ್ಲಿರುವ ಎನ್‌ಐಸಿ ಕಟ್ಟಡದ ಮುಂದೆ ಬಸ್ಸಿಗೆ ಕಾಯುವಾಗಲೆಲ್ಲ ನಮಗೆ ಈ ಹೆಸರು ನೆನಪಾಗುತ್ತದೆ. ಶೇಷಗಿರಿಯವರು 2013ರಲ್ಲಿ ತೀರಿಕೊಂಡರು. ಅದೇ ವರ್ಷದ ಜುಲೈಯಲ್ಲಿ ದೇಶದ ಟೆಲಿಗ್ರಾಂ ಸೇವೆಯೂ ನಿಂತಿತು.

ಎನ್‌ಐಸಿ ರೂಪುಗೊಂಡ 1976ರಲ್ಲೇ, ನವೆಂಬರಿನಲ್ಲಿ, ಅಮೆರಿಕದ ವ್ಹಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಒಂದು ಪ್ರಬಂಧ ಪ್ರಕಟಿಸಿದರು. ಸಾವಿರಾರು ವರ್ಷಗಳಿಂದ ಗುಪ್ತಲಿಪಿಯೆಂದರೆ ಇಬ್ಬರೂ ಮೊದಲೇ ಒಂದು ಗುಟ್ಟನ್ನು ಹಂಚಿಕೊಂಡಿರಬೇಕಾಗಿತ್ತು. ಹಾಗೇನೂ ಬೇಕಿಲ್ಲ, ಎಂದೂ ಭೇಟಿಯಾಗದ ಇಬ್ಬರು ಎಲ್ಲರೂ ಕೇಳುತ್ತಿರುವ ದಾರಿಯಲ್ಲೇ ಗುಟ್ಟನ್ನು ಕಟ್ಟಿಕೊಳ್ಳಬಹುದು ಎಂದು ಅವರು ತೋರಿಸಿದರು. ಕೀಲಿ ಒಂದಲ್ಲ, ಜೋಡಿ: ಊರಿಗೆಲ್ಲ ಹಂಚಬಹುದಾದ ಸಾರ್ವಜನಿಕ ಕೀಲಿ, ಯಾರಿಗೂ ತೋರಿಸದ ಖಾಸಗಿ ಕೀಲಿ. ಮೊದಲನೆಯದನ್ನು ಬೀಗವೆಂದೂ ಎರಡನೆಯದನ್ನು ಕೀಲಿಕೈಯೆಂದೂ ತಿಳಿದರೆ ನಮ್ಮಂಥವರಿಗೆ ಸಾಕು. ಬೀಗವನ್ನು ಎಲ್ಲಿಗಾದರೂ ಕಳಿಸಬಹುದು. ಕೀಲಿಕೈ ಮನೆ ಬಿಟ್ಟು ಹೋಗುವುದೇ ಇಲ್ಲ.

ಈ ಜ್ಞಾನ ಗ್ರಂಥಗಳಲ್ಲಿ ಇದ್ದರೂ ಮುಂದಿನ ಎರಡು ದಶಕ ಜಗತ್ತು ದೂರದ ಯಂತ್ರಗಳಿಗೆ ಬೆತ್ತಲೆಯಾಗಿಯೇ ಲಾಗಿನ್ ಆಗುತ್ತಿತ್ತು. ‘ಟೆಲ್‌ನೆಟ್’ ಎಂಬ ಸಾಧನದಲ್ಲಿ ಬಳಕೆದಾರ ಬೆರಳಚ್ಚಿಸಿದ ಗುಪ್ತಪದ, ಅಂದರೆ ಪಾಸ್‌ವರ್ಡ್, ಇದ್ದಂತೆಯೇ ತಂತಿಯಲ್ಲಿ ಹರಿಯುತ್ತಿತ್ತು. ನಡುದಾರಿಯಲ್ಲಿ ಕಿವಿಗೊಟ್ಟು ಕುಳಿತವನಿಗೆ ಅದು ಅಂಚೆಕಾರ್ಡ್ ಓದಿದಷ್ಟು ಸುಲಭ. ಇನ್ನೊಂದು ಸಾಧನ ‘ಆರ್‌ಲಾಗಿನ್’. ಅದಕ್ಕೆ ಗುಪ್ತಪದವೂ ಬೇಕಿರಲಿಲ್ಲ, ಇಂಥ ಯಂತ್ರದಿಂದ ಬಂದವನು ನಂಬಿಗಸ್ತ ಎಂದು ಮೊದಲೇ ಬರೆದಿಟ್ಟರಾಯಿತು. ಒಂದೇ ಊರಿನವರು ಬಾಗಿಲಿಗೆ ಬೀಗ ಹಾಕದೆ ಬಾಳುವ ಕಾಲದ ವ್ಯವಸ್ಥೆ ಅದು. ಸಂತೆ ಬೆಳೆದಾಗ ಅದು ನಿಲ್ಲಲಿಲ್ಲ.

1995ನೆಯ ಇಸವಿ ಈ ಕಥೆಯ ತಿರುವು. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದುಕೇಳುವ ತಂತ್ರಾಂಶವನ್ನು ಕೂರಿಸಿ ಗುಪ್ತಪದಗಳನ್ನು ದೋಚಿದರು. ಅಲ್ಲಿ ಸಂಶೋಧಕರಾಗಿದ್ದ ತಾತು ಉಲೋನೆನ್ ಎಂಬ ತರುಣ ಇದಕ್ಕೆ ಪರಿಹಾರವಾಗಿ ‘ಸೆಕ್ಯೂರ್ ಶೆಲ್’, ಅಂದರೆ ಎಸ್‌ಎಸ್‌ಎಚ್ ಎಂಬ ಸಾಧನವನ್ನು ಬರೆದು ಜುಲೈ ತಿಂಗಳಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಜಾಲದ ಬಾಗಿಲುಗಳಿಗೆ ಸಂಖ್ಯೆಗಳಿರುತ್ತವೆ. ಕಡತ ಸಾಗಿಸುವ ಎಫ್‌ಟಿಪಿಗೆ 21, ಟೆಲ್‌ನೆಟ್‌ಗೆ 23. ಇವೆರಡರ ಜಾಗವನ್ನೂ ತನ್ನ ಸಾಧನ ತುಂಬಬೇಕೆಂದಿದ್ದ ಉಲೋನೆನ್ ನಡುವೆ ಖಾಲಿಯಿದ್ದ 22ನ್ನು ಕೇಳಿ ಪಡೆದರು. ಇಂದಿಗೂ ಎಸ್‌ಎಸ್‌ಎಚ್ ಬಾಗಿಲಿನ ಸಂಖ್ಯೆ ಅದೇ. ಆ ವರ್ಷ ಮುಗಿಯುವುದರೊಳಗೆ 50 ದೇಶಗಳಲ್ಲಿ ಸುಮಾರು 20,000 ಜನ ಅದನ್ನು ಬಳಸುತ್ತಿದ್ದರು.

ಅದೇ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಂಸ್ಥೆ ಭಾರತದ ಜನಸಾಮಾನ್ಯರಿಗೆ ಇಂಟರ್‌ನೆಟ್ ಒದಗಿಸತೊಡಗಿತು. ಮೊದಲ ಊರುಗಳಲ್ಲಿ ದೆಹಲಿಯೂ ಒಂದು. ಅಗ್ಗದ ‘ಶೆಲ್ ಖಾತೆ’ ಎಂದರೆ ಚಿತ್ರವಿಲ್ಲದ ಕಪ್ಪು ಪರದೆ, ಮಿನುಗುವ ಒಂದು ಗೆರೆ. ಮೋಡೆಮ್ ಕಿರುಚಿ ಸುಮ್ಮನಾದ ಮೇಲೆ ವಿಎಸ್‌ಎನ್‌ಎಲ್ ಯಂತ್ರಕ್ಕೆ ನಾವು ಲಾಗಿನ್ ಆಗಿ ಅಕ್ಷರಗಳಲ್ಲೇ ಆಜ್ಞೆ ಕೊಡಬೇಕಿತ್ತು. ಹೀಗೆ ಈ ದೇಶದ ಹಲವರ ಮೊದಲ ಇಂಟರ್‌ನೆಟ್ ಅನುಭವವೇ ದೂರದ ಯಂತ್ರದ ಲಾಗಿನ್ ಆಗಿತ್ತು, ಕಮ್ಯಾಂಡ್ ಲೈನ್ ಆಗಿತ್ತು.

ಉಲೋನೆನ್ ಮುಂದೆ ಕಂಪನಿ ಸ್ಥಾಪಿಸಿದರು; ತಂತ್ರಾಂಶದ ಪರವಾನಗಿ ಬಿಗಿಯಾಗುತ್ತ ಹೋಯಿತು. ಆಗ ‘ಓಪನ್‌ಬಿಎಸ್‌ಡಿ’ ಬಳಗದವರು ಮುಕ್ತವಾಗಿದ್ದ ಹಳೆಯ ಆವೃತ್ತಿಯ ಎಳೆಯನ್ನು ಹಿಡಿದು, ತಿದ್ದಿ, 1999ರ ಡಿಸೆಂಬರಿನಲ್ಲಿ ‘ಓಪನ್ ಎಸ್‌ಎಸ್‌ಎಚ್’ ಹೊರತಂದರು. ಇಂದು ಲಿನಕ್ಸ್ ಯಂತ್ರಗಳಲ್ಲೂ ಮ್ಯಾಕ್, ವಿಂಡೋಸ್‌ಗಳಲ್ಲೂ ಸಾಮಾನ್ಯವಾಗಿ ಕಾಣುವುದು ಇದೇ. ಸರ್ಕಾರದ್ದಾಗಲಿ ಬ್ಯಾಂಕಿನದಾಗಲಿ, ಜಗತ್ತಿನ ಅಸಂಖ್ಯ ಸರ್ವರುಗಳ ಹಿಂಬಾಗಿಲಿಗೆ ಹಾಕಿರುವ ಬೀಗ ಹೀಗೆ ಸಂಬಳದ ಆಸೆಯಿಲ್ಲದೆ ದುಡಿದ ಕೆಲವರ ಕಮ್ಮಟದಲ್ಲಿ ಆದದ್ದು.

ಈ ಬೀಗ ಕೆಲಸ ಮಾಡುವ ಬಗೆಯನ್ನು ತಿಳಿಯಲು ನಮಗೆ ನೆರವಾದದ್ದು ಸುಂದರಕಾಂಡ. ಅಶೋಕವನದಲ್ಲಿ ಹನುಮಂತ ಎದುರಿಗೆ ನಿಂತಾಗ ಸೀತೆಗೆ ಬಂದದ್ದು ಸಂದೇಹ: ಇವನೂ ವೇಷ ಮರೆಸಿದ ರಾವಣನಾದರೆ? ರಾಮನ ಮುದ್ರೆಯುಂಗುರ ಕಂಡ ಮೇಲೆಯೇ ನಂಬಿಕೆ. ಹಿಂದಿರುಗುವಾಗ ಹನುಮಂತನಿಗೂ ಸಾಕ್ಷಿ ಬೇಕು. ಸೀತೆ ಚೂಡಾಮಣಿಯನ್ನು ಕೊಡುತ್ತಾಳೆ, ಜೊತೆಗೆ ತನಗೂ ರಾಮನಿಗೂ ಮಾತ್ರ ಗೊತ್ತಿದ್ದ ಕಾಗೆಯ ಪ್ರಸಂಗವನ್ನು ಹೇಳಿ ಕಳಿಸುತ್ತಾಳೆ. ಗುರುತಿನ ಪರೀಕ್ಷೆ ಎರಡೂ ಕಡೆ ನಡೆಯಬೇಕೆಂಬ ತಿಳಿವು ಅಲ್ಲಿದೆ. ಎಸ್‌ಎಸ್‌ಎಚ್‌ನಲ್ಲಿಯೂ ಮೊದಲು ಸರ್ವರ್ ತನ್ನ ಗುರುತು ತೋರಿಸಬೇಕು. ಮೊದಲ ಸಲ ಹೋದಾಗ ಪರದೆಯ ಮೇಲೆ ಒಂದು ‘ಬೆರಳಚ್ಚು’ ಮೂಡುತ್ತದೆ. ಈ ಯಂತ್ರ ನಿಜವಾದದ್ದೆಂದು ಖಚಿತವಿಲ್ಲ, ಮುಂದುವರಿಯಬೇಕೇ ಎಂಬ ಪ್ರಶ್ನೆ ಬರುತ್ತದೆ. ಒಪ್ಪಿದರೆ ಅದನ್ನು ನಮ್ಮ ಯಂತ್ರ ‘ಪರಿಚಿತರ ಪಟ್ಟಿ’ಯಲ್ಲಿ ಬರೆದಿಟ್ಟುಕೊಂಡು, ಮುಂದೆಂದಾದರೂ ಬೆರಳಚ್ಚು ಬದಲಾದರೆ ಕೂಗಿ ಎಚ್ಚರಿಸುತ್ತದೆ. ಆಮೇಲೆ ನಮ್ಮ ಸರದಿ. ನಮ್ಮ ಖಾಸಗಿ ಕೀಲಿಯಿಂದ ಮಾತ್ರ ಮಾಡಬಹುದಾದ ಒಂದು ಸಹಿಯನ್ನು ಕಳಿಸಿದರೆ, ತನ್ನಲ್ಲಿರುವ ನಮ್ಮ ಸಾರ್ವಜನಿಕ ಕೀಲಿಗೆ ಅದನ್ನು ತಾಳೆ ಹಾಕಿ ಸರ್ವರ್ ಬಾಗಿಲು ತೆರೆಯುತ್ತದೆ. ಉಂಗುರ ಕೈಬಿಟ್ಟು ಹೋಗದೆ ಮುದ್ರೆ ಮಾತ್ರ ಹೋದಂತೆ.

ಮೊದಲ ಸಲದ ಆ ಪ್ರಶ್ನೆಗೆ ನಾವೆಲ್ಲ ಮಾಡುವುದೇನು? ಓದದೆ ‘ಹೌದು’ ಎನ್ನುತ್ತೇವೆ. ಸೀತೆಯಷ್ಟು ಸಂಶಯ ನಮಗಿಲ್ಲ.

2020ರ ಮಾರ್ಚಿನಲ್ಲಿ ದೇಶಕ್ಕೆ ಬೀಗ ಬಿದ್ದಾಗ ನಾವು ಮಯೂರ್ ವಿಹಾರದ ಮನೆಯ ಊಟದ ಮೇಜಿನ ಮೇಲೆ ಈ ವಿದ್ಯೆಯನ್ನು ಕಲಿತೆವು. ಗೋಡೆಯಾಚೆ ನೋಯ್ಡಾದ ಗಡಿ ಮುಚ್ಚಿತ್ತು, ಮೆಟ್ರೊ ನಿಂತಿತ್ತು, ಕಚೇರಿಯ ಸರ್ವರ್ ಮಾತ್ರ ನಡೆಯುತ್ತಿತ್ತು. ‘ಎಸ್‌ಎಸ್‌ಎಚ್-ಕೀಜೆನ್’ ಎಂಬ ಆಜ್ಞೆ ಕೊಟ್ಟರೆ ಕೀಲಿಯ ಜೋಡಿ ಸಿದ್ಧವಾಗುತ್ತದೆ. ಖಾಸಗಿ ಕೀಲಿಗೆ ಮೇಲೊಂದು ಗುಪ್ತವಾಕ್ಯ ಬೇಕೇ ಎಂದು ಅದು ಕೇಳುತ್ತದೆ, ಖಾಲಿ ಬಿಟ್ಟರೆ ಸುಮ್ಮನಿರುತ್ತದೆ. ‘ಕಾನ್ಫಿಗ್’ ಎಂಬ ಸಣ್ಣ ಪಠ್ಯಕಡತದಲ್ಲಿ ಯಾವ ಸರ್ವರಿಗೆ ಯಾವ ಹೆಸರಿನಿಂದ, ಯಾವ ಬಾಗಿಲಿನಿಂದ, ಯಾವ ಕೀಲಿಯಿಂದ ಹೋಗಬೇಕೆಂದು ಬರೆದಿಟ್ಟರೆ ಆಮೇಲೆ ಒಂದೇ ಪದದ ಆಜ್ಞೆ ಸಾಕು. ಈ ಕಡತದ ಒಂದು ನಿಯಮ ಸರ್ಕಾರಿ ನೌಕರರಾದ ನಮ್ಮನ್ನು ಎರಡು ದಿನ ಕಾಡಿತು. ಕಚೇರಿಯಲ್ಲಿ ಹೊಸ ಸುತ್ತೋಲೆ ಹಳೆಯದನ್ನು ರದ್ದು ಮಾಡುತ್ತದೆ. ಇಲ್ಲಿ ಹಾಗಲ್ಲ, ಒಂದೇ ವಿಷಯವನ್ನು ಎರಡು ಕಡೆ ಬರೆದರೆ ಮೊದಲು ಬರೆದದ್ದೇ ನಿಲ್ಲುತ್ತದೆ. ನಾವು ಕಡತದ ಕೊನೆಯಲ್ಲಿ ತಿದ್ದುಪಡಿ ಸೇರಿಸುತ್ತ ಹೋದೆವು, ಯಂತ್ರ ತಲೆಯ ಭಾಗದ ಹಳೆಯ ಸಾಲನ್ನೇ ಪಾಲಿಸುತ್ತ ಹೋಯಿತು. ಕೊನೆಗೆ ನೆರವಾದದ್ದು ‘ಎಸ್‌ಎಸ್‌ಎಚ್’ ಆಜ್ಞೆಗೆ ‘ಜಿ’ ಎಂಬ ದೊಡ್ಡಕ್ಷರದ ಬಾಲ ಸೇರಿಸುವ ಉಪಾಯ. ಹಾಗೆ ಕೇಳಿದರೆ ಅದು ಎಲ್ಲಿಗೂ ಹೋಗದೆ, ಹೋಗುವುದಾದರೆ ಯಾವ ಯಾವ ನಿಯಮ ಪಾಲಿಸುತ್ತೇನೆಂದು ಪಟ್ಟಿ ಓದಿ ಹೇಳುತ್ತದೆ. ಬರೆದದ್ದು ಒಂದು, ಜಾರಿಯಲ್ಲಿರುವುದು ಇನ್ನೊಂದು ಎಂಬ ಭೇದವನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವ ಕಚೇರಿಯನ್ನು ನಾವು ಕಂಡಿಲ್ಲ.

ಇಷ್ಟು ಗಟ್ಟಿಯಾದ ಬೀಗವೂ ಸೋತದ್ದುಂಟು. 2006ರ ಸೆಪ್ಟೆಂಬರಿನಲ್ಲಿ ‘ಡೆಬಿಯನ್’ ಎಂಬ ಲಿನಕ್ಸ್ ಬಳಗದಲ್ಲಿ ಅನವಶ್ಯಕವೆಂದು ತೋರಿದ ಸಂಕೇತವನ್ನು ತೆಗೆದುಹಾಕಿದರು. ಕೀಲಿ ತಯಾರಿಸುವಾಗ ಬೇಕಾದ ಯಾದೃಚ್ಛಿಕತೆ ಅದರೊಂದಿಗೇ ಹೋಯಿತು. 2008ರ ಮೇ ತಿಂಗಳಲ್ಲಿ ಅದು ಬಯಲಾದಾಗ ತಿಳಿದದ್ದು: ಎಣಿಸಲಾರದಷ್ಟು ಇರಬೇಕಾಗಿದ್ದ ಕೀಲಿಗಳು ಒಂದೊಂದು ಬಗೆಯಲ್ಲೂ ಸುಮಾರು 32 ಸಾವಿರಕ್ಕೆ ಇಳಿದಿದ್ದವು. ಇನ್ನು 2024ರ ಮಾರ್ಚ್ ಕೊನೆಯಲ್ಲಿ, ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ, ‘ಎಕ್ಸ್‌ಝಡ್’ ಎಂಬ ಸಹಾಯಕ ತಂತ್ರಾಂಶದೊಳಗೆ ಯಾರೋ ಬಚ್ಚಿಟ್ಟಿದ್ದ ಕಳ್ಳದಾರಿಯನ್ನು ಹಿಡಿದರು.

ಆದರೆ ಇವು ಅಪರೂಪ. ಬೀಗ ಮುರಿಯುವುದಕ್ಕಿಂತ ಕೀಲಿಕೈ ಕೈ ತಪ್ಪುವುದೇ ಹೆಚ್ಚು. ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕವಿಡೀ ಇದರ ಮೇಲೆಯೇ ನಿಂತಿದೆ. ಕನ್ನಡದಲ್ಲಿ ಈ ಕಥೆಯನ್ನು 1823ರ ಸುಮಾರಿಗೆ ಕೆಂಪುನಾರಾಯಣ ‘ಮುದ್ರಾಮಂಜೂಷ’ವೆಂಬ ಗದ್ಯಕೃತಿಯಾಗಿ ಬರೆದ. ಅಮಾತ್ಯ ರಾಕ್ಷಸ ಪರಾಕ್ರಮಿ, ಸ್ವಾಮಿನಿಷ್ಠ. ತನ್ನ ಕುಟುಂಬವನ್ನು ಗೆಳೆಯ ಚಂದನದಾಸನ ಮನೆಯಲ್ಲಿ ಬಿಟ್ಟು ಹೋಗಿರುತ್ತಾನೆ. ಹೊಸ್ತಿಲು ದಾಟಹೋದ ಮಗುವನ್ನು ಒಳಗೆಳೆಯುವ ಅವಸರದಲ್ಲಿ ಅವನ ಹೆಂಡತಿಯ ಬೆರಳಿಂದ ಮುದ್ರೆಯುಂಗುರ ಜಾರಿ, ಉರುಳಿ, ಚಾಣಕ್ಯನ ಗೂಢಚಾರನ ಕಾಲಬಳಿ ಬೀಳುತ್ತದೆ. ಆ ಮುದ್ರೆಯೊತ್ತಿದ ಒಂದು ಕೃತಕ ಪತ್ರದಿಂದ ರಾಕ್ಷಸನ ಮಿತ್ರಪಕ್ಷವೇ ಒಡೆದುಹೋಗುತ್ತದೆ. ಉಂಗುರ ನಕಲಿಯಲ್ಲ, ಮುದ್ರೆಯೂ ನಕಲಿಯಲ್ಲ. ಒತ್ತಿದ ಕೈ ಮಾತ್ರ ಬೇರೆ. ಮುದ್ರೆ ಸಾಕ್ಷಿ ಹೇಳುವುದು ಉಂಗುರದ ಬಗ್ಗೆ, ಅದನ್ನು ಹಿಡಿದವನ ಬಗ್ಗೆ ಅಲ್ಲ.

ಈಗ ನಮ್ಮ ಮೂರನೆಯ ಸಾಲಿಗೆ ಮರಳೋಣ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು ಸೈಬರ್ ದಾಳಿಯಿಂದ ಸ್ಥಗಿತಗೊಂಡು, ರೋಗಿಗಳ ನೋಂದಣಿ ಹಲವು ದಿನ ಕೈಬರಹದಲ್ಲೇ ನಡೆದದ್ದು ಓದುಗರಿಗೆ ನೆನಪಿರಬಹುದು. ನಮ್ಮ ಕಥೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅದರ ಬಳಿಕ ರಾಜಧಾನಿಯ ಕಚೇರಿಗಳಿಗೆ ಹೆದರಿಕೆ ಹುಟ್ಟಿತು. ಯಾರ ಬಳಿ ಯಾವ ಪ್ರವೇಶವಿದೆ ಎಂಬ ಪಟ್ಟಿ ಮಾಡಿರೆಂದು ನಮಗೂ ಹೇಳಿದರು. ಪಟ್ಟಿ ಮಾಡಲು ಕುಳಿತಾಗಲೇ ಆ ಹೆಸರು ಕಂಡದ್ದು.

ತೀರ್ಥಹಳ್ಳಿಗೆ ಫೋನ್ ಮಾಡಿದೆವು. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿದ್ದರು.

“ಸರ್, ಇಲ್ಲಿಯ ಸರ್ವರಿಗೆ ನೀವು ಮನೆಯಿಂದ ಲಾಗಿನ್ ಆಗುತ್ತಿದ್ದಿರಲ್ಲ, ಆ ಲ್ಯಾಪ್‌ಟಾಪ್ ಎಲ್ಲಿದೆ?”

“ಅದಾ? ತಮ್ಮನ ಮಗನಿಗೆ ಕೊಟ್ಟಿದ್ದೆ. ಅವನು ಹೊಸತು ತಗೊಂಡ ಮೇಲೆ ಶಿವಮೊಗ್ಗದಲ್ಲಿ ಯಾವುದೋ ಅಂಗಡಿಗೆ ಮಾರಿದ. ಯಾಕೆ?”

“ಅದರಲ್ಲಿದ್ದ ಕೀಲಿಗೆ ಗುಪ್ತವಾಕ್ಯ ಹಾಕಿದ್ದಿರಾ?”

ಕ್ಷಣ ಹೊತ್ತು ಸದ್ದಿಲ್ಲ. ಆಮೇಲೆ, “ಅಯ್ಯೋ ಮಾರಾಯ್ರೆ,” ಎಂದರು. ಅಷ್ಟೇ.

ದೆಹಲಿಯ ಸರ್ಕಾರಿ ಸರ್ವರೊಂದರ ಕೀಲಿಕೈ ಮಲೆನಾಡಿನ ಯಾವುದೋ ಮನೆಯಲ್ಲಿ ಯಾವುದೋ ಹುಡುಗನ ಪಠ್ಯ, ಹಾಡುಗಳ ಜೊತೆಗೆ ಇದ್ದಿರಬಹುದು, ಅಳಿಸಿಹೋಗಿಯೂ ಇರಬಹುದು. ಹೊರಗೋಡೆಯ ಬಾಗಿಲಾದ ವಿಪಿಎನ್ ಅವರ ನಿವೃತ್ತಿಯ ದಿನವೇ ಮುಚ್ಚಿತ್ತೆಂಬುದು ಒಂದು ಸಮಾಧಾನ. ಸರ್ವರಿನ ದಾಖಲೆಗಳನ್ನು ಪರಿಶೀಲಿಸಿದಾಗ ಅವರ ಕೀಲಿಯಿಂದ ಯಾರೂ ಬಂದಿರಲಿಲ್ಲ. ಆದರೆ ನಮ್ಮಲ್ಲಿ ಉಳಿದಿದ್ದದ್ದು 180 ದಿನಗಳ ದಾಖಲೆ. ಅದೂ 2022ರ ಏಪ್ರಿಲ್ 28ರಂದು ಸರ್ಟ್-ಇನ್ ಸಂಸ್ಥೆ ಅಷ್ಟು ದಿನ ಇಡಲೇಬೇಕೆಂದು ನಿರ್ದೇಶನ ಹೊರಡಿಸಿದ್ದರಿಂದ. ಅದಕ್ಕೆ ಹಿಂದಿನ ಮೂರು ವರ್ಷಗಳ ಮಾತು ಹೇಳುವವರಿಲ್ಲ.

ತಪ್ಪು ಅವರದಲ್ಲ. ಅವರು ಕೇಳಿದ್ದನ್ನೆಲ್ಲ ಒಪ್ಪಿಸಿ ಹೋದವರು. ಕೇಳದೆ ಉಳಿದವರು ನಾವು. ಕಬ್ಬಿಣದ ಕೀಲಿಕೈಗೆ ರಿಜಿಸ್ಟರು ಇಟ್ಟು, ಸಹಿ ಪಡೆದು, ಡಬಲ್ ಲಾಕ್ ಕಲ್ಪಿಸಿದ ಕಚೇರಿಯ ವಿವೇಕ, ಕೀಲಿಕೈ ಕಣ್ಣಿಗೆ ಕಾಣದಾದೊಡನೆ ಸುಮ್ಮನಾಗಿಬಿಟ್ಟಿತು. ನಮ್ಮ ಸ್ವಂತ ಕೀಲಿಯನ್ನು ಅಂದು ಪರೀಕ್ಷಿಸಿದರೆ ಅದಕ್ಕೂ ಗುಪ್ತವಾಕ್ಯವಿರಲಿಲ್ಲ; ಲಾಕ್‌ಡೌನಿನ ಅವಸರದಲ್ಲಿ ಅದೇ ಕೀಲಿಯನ್ನು ಎರಡು ಲ್ಯಾಪ್‌ಟಾಪುಗಳಿಗೆ ನಕಲು ಮಾಡಿದ್ದೆವು.

ಮೂರನೆಯ ಸಾಲನ್ನು ಅಂದು ಸಂಜೆಯೇ ಅಳಿಸಿದೆವು. ಒಂಬತ್ತರಲ್ಲಿ ನಾಲ್ಕು ಸಾಲುಗಳಿಗೆ ಕಚೇರಿಯಲ್ಲಿ ವಾರಸುದಾರರೇ ಇರಲಿಲ್ಲ, ಅವನ್ನೂ ತೆಗೆದೆವು. ಹಳೆಯ ಕೀಲಿಯನ್ನು ಎಸೆದು ಹೊಸದನ್ನು ಮಾಡಿಕೊಂಡು, ಈ ಸಲ ಗುಪ್ತವಾಕ್ಯ ಹಾಕಿದೆವು. ನೋ ಡ್ಯೂಸ್ ಪತ್ರದಲ್ಲಿ ಗಣಕದ ಕೀಲಿಗಳಿಗೂ ಒಂದು ಕಾಲಂ ಬೇಕೆಂದು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದೆವು. ಮೂರು ಮೇಜು ದಾಟಿ, ಎರಡು ಸಲ ‘ದಯವಿಟ್ಟು ಚರ್ಚಿಸಿ’ ಎನ್ನಿಸಿಕೊಂಡು, ಆರು ತಿಂಗಳ ಬಳಿಕ ಅದು ಮಂಜೂರಾಗಿ ಬಂತು. ಪತ್ರದಲ್ಲೀಗ ಟೇಬಲ್ ಫ್ಯಾನಿನ ಕೆಳಗೆ ಆ ಸಾಲಿದೆ.

ಹೊರನಾಡಿನಲ್ಲಿ ನೆಲೆಸಿರುವ ನಮ್ಮಲ್ಲಿ ಹಲವರ ಊರಮನೆಗೆ ಬೀಗವಿದೆ. ಒಂದು ಕೀಲಿ ದೆಹಲಿಯ ಬೀರುವಿನಲ್ಲಿದ್ದರೆ ಇನ್ನೊಂದು ಊರಿನ ಪಕ್ಕದ ಮನೆಯವರಲ್ಲಿ. ಆ ಎರಡನೆಯದು ಯಾರ ಬಳಿಯಿದೆ ಎಂದು ಕೇಳಿದರೆ ಯೋಚಿಸದೆ ಹೇಳಬಲ್ಲೆವು. ದೂರದ ಯಂತ್ರಗಳ ಕೀಲಿಗಳ ಬಗ್ಗೆಯೂ ಅಷ್ಟು ಹೇಳಲು ಬಂದರೆ ಸಾಕು.